ಮಗಳ ನಿಲುವು

“ಒಂದು, ಎರಡು, ಮೂರು...” ಯೋಗಾನರಸಿಂಹ ಮೇಷ್ಟ್ರು ಪೆನ್ಸಿಲ್ಲಿನಿಂದ ಚಿತ್ರದ ಹೆಣ್ಣನ್ನು ತಲೆಯಿಂದ ಪಾದದವರೆಗೆ ಅಳೆದರು. ಒಂಬತ್ತು ತಲೆಯುದ್ದ! “ಮುದ್ದಯ್ಯ, ಇದು ಹೆಣ್ಣೋ ತೆಂಗಿನಮರವೋ? ಮನುಷ್ಯರು ಏಳು, ಏಳೂವರೆ ತಲೆ ದಾಟಲ್ಲಪ್ಪ. ಅಳಿಸು.”

ಮುದ್ದಯ್ಯ ಅಳಿಸಿದ. ನೇಗಿಲು ಹಿಡಿದು ಜಡ್ಡುಗಟ್ಟಿದ ಕೈ. ಉಜ್ಜಿದ ರಭಸಕ್ಕೆ ಕಾಗದವೇ ಹರಿಯಿತು.

ಈ ಕೊತ್ತತ್ತಿಯ ರೈತ ಮೂರು ವಾರದ ಹಿಂದೆ, ಬೋಳಿಸಿದ ತಲೆಯಲ್ಲಿ, ಮಂಡ್ಯದ ಮೇಷ್ಟ್ರ ಮನೆ ಬಾಗಿಲಿಗೆ ಬಂದು ನಿಂತಿದ್ದ. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ, ಎಪ್ಪತ್ತನಾಲ್ಕನೇ ಇಸವಿಯಲ್ಲಿ ನಿವೃತ್ತರಾದವರು.

“ಮಗ್ಳು ಸ್ವಾಮಿ, ಚಲುವಮ್ಮ. ಹದ್ನೆಂಟು ವರ್ಸ. ನಾಲೆಗೆ ಬಟ್ಟೆ ಒಗೆಯಾಕ್ ಓದೋಳು ತಿರುಗಿ ಬರ್ನಿಲ್ಲ. ನೆನ್ನೆ ತಿಥಿ ಮಾಡ್ದೊ.”

“ಅಯ್ಯೋ! ದೇಹ ಸಿಕ್ಕಿತೇನಪ್ಪ?”

“ಇನ್ನೂ ಇಲ್ಲ.”

ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಮರೆಯುವ ಮುಂಚೆ ಅವಳನ್ನು ಕಾಗದಕ್ಕೆ ಇಳಿಸಬೇಕು, ಅದೊಂದೇ ಅವನ ಹಟ. ನಾನೇ ಬರೆದುಕೊಡುತ್ತೇನೆಂದರು ಮೇಷ್ಟ್ರು. “ನೀವ್ ಅವಳ್ನ ಕಂಡಿಲ್ವಲ್ಲ ಸ್ವಾಮಿ. ಕಂಡಿರೋನು ನಾನು. ನಂಗೇ ಕಲಿಸ್ಬುಡಿ.”

ಮೇಷ್ಟ್ರು ಮೂವತ್ತು ವರ್ಷ ಮಾವಿನಹಣ್ಣು, ಹೂಜಿ ಬರೆಸಿದ್ದೇ ಬಂತು. ಕಲಿಯಬೇಕೆಂದು ಕೇಳಿಕೊಂಡು ಬಂದ ಶಿಷ್ಯ ಇವನೊಬ್ಬನೇ. ಹಿಗ್ಗಿಹೋದರು, ಪಾಪ.

“ಮುಖಕ್ಕೆ ಆತುರ ಬೇಡ,” ಎಂದರು. “ಮೊದಲು ನಿಲುವು, ಆಮೇಲೆ ಅಳತೆ, ಕೊನೆಗೆ ಮುಖ. ದೂರದಲ್ಲಿ ಬರೋ ಹೆಂಡತೀನ ಮೂಗು ನೋಡಿ ಗುರುತು ಹಿಡೀತೀಯಾ? ನಡಿಗೆ ನೋಡಿ ತಾನೇ?”

“ಅವಳ್ನ ಕಾಣ್ದೇ ಇರೋರೂ ಹಂಗೇ ಗುರ್ತು ಹಿಡೀಬೋದಾ ಮೇಷ್ಟ್ರೆ?”

“ಚಿತ್ರ ಸರಿಯಿದ್ದರೆ ಯಾರು ಬೇಕಾದರೂ ಹಿಡೀಬಹುದು.”

ಅಂದಿನಿಂದ ಮುದ್ದಯ್ಯ ಕಿಟಕಿಯ ಬಳಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಬರೆದ. ಮೇಷ್ಟ್ರು ಮೂವತ್ತು ಎಣಿಸುವುದರೊಳಗೆ ಆಳು ಕಾಗದದ ಮೇಲಿರಬೇಕು. ತಲೆಯಿಂದ ಮೈಭಾರ ಹೊತ್ತ ಕಾಲಿನ ಹಿಮ್ಮಡಿಗೆ ಒಂದೇ ಗೆರೆ, ಅಷ್ಟೆ. ಆಮೇಲೆ ಒಂದು ಕಣ್ಣು ಮುಚ್ಚಿ, ಕೈ ನೀಡಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ಅಳೆಯುವುದು. ಕಣ್ಣು ಇರುವುದು ತಲೆಯ ನಟ್ಟನಡುವೆ, ಹಣೆಯ ಮೇಲಲ್ಲ ಎಂದು ನೂರು ಸಲ ಬೈಸಿಕೊಂಡ. ಒಂದು ದಿನವೂ ತಪ್ಪಿಸಲಿಲ್ಲ.

“ಇಷ್ಟು ದಿನದಿಂದ ಬರ್ತಾನೆ, ಒಂದು ಹನಿ ಕಣ್ಣೀರು ಹಾಕಿದ್ದು ನಾನಂತೂ ನೋಡಲಿಲ್ಲ,” ಎಂದರು ಮೇಷ್ಟ್ರ ಹೆಂಡತಿ ಗೋದಮ್ಮ.

“ಗಂಡಸಿನ ಸಂಕಟ ನಿನಗೇನು ಗೊತ್ತು? ಸುಮ್ಮನಿರು,” ಎಂದು ಗದರಿದರು ಮೇಷ್ಟ್ರು.

ಮೂರನೇ ತಿಂಗಳಿಗೆ ಚಲುವಮ್ಮ ಕಾಗದದ ಮೇಲೆ ಎದ್ದು ನಿಂತಳು. ಏಳು ತಲೆಯ ಗಿಡ್ಡ ಹುಡುಗಿ. ಎಡಗಾಲಿಗೆ ಭಾರ ಬಿಟ್ಟು, ಬಲಗೈಯನ್ನು ಬೆನ್ನ ಹಿಂದೆ ತಂದು ಎಡ ಮೊಣಕೈ ಹಿಡಿದುಕೊಂಡವಳು. ಮುದ್ದಯ್ಯ ಬಹಳ ಹೊತ್ತು ನೋಡಿ ಕೇಳಿದ: “ಏಳು ತಿಂಗ್ಳ ಬಸುರಿ ಆದ್ರೆ ನಿಲುವು ಎಂಗ್ ಬದಲಾಯ್ತದೆ ಮೇಷ್ಟ್ರೆ?”

ಬದುಕಿದ್ದರೆ ಮದುವೆಯಾಗಿ ಬಸುರಿಯಾಗುತ್ತಿದ್ದಳು. ಆ ಭಾಗ್ಯವನ್ನು ಕಾಗದದ ಮೇಲಾದರೂ ಕಾಣುವ ಆಸೆ ತಂದೆಗೆ. ಮೇಷ್ಟ್ರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿಕೊಟ್ಟರು: ಬೆನ್ನು ಹಿಂದಕ್ಕೆ ಬಾಗುತ್ತದೆ, ಭಾರ ಹಿಮ್ಮಡಿಗೆ ಇಳಿಯುತ್ತದೆ, ಪಾದಗಳು ಅಗಲವಾಗುತ್ತವೆ.

ಅದನ್ನು ಮುದ್ದಯ್ಯ ಎಂಟು ಪ್ರತಿ ಬರೆದ. ಮದ್ದೂರಿನ ಬಾಮೈದನಿಗೆ, ಕೆರಗೋಡಿನ ಷಡ್ಡಕನಿಗೆ, ಅಣ್ಣತಮ್ಮಂದಿರಿಗೆ ಒಂದೊಂದು. “ನಿಮ್ ತಾವೂ ಒಂದಿರ್ಲಿ,” ಎಂದು ಮೇಷ್ಟ್ರಿಗೂ ಕೊಟ್ಟ. ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿದರು.

ಹದಿನೈದು ದಿನ ಕಳೆದಿರಬೇಕು. ಬೆಳಕವಾಡಿಯ ತಂಗಿಯ ಮನೆಗೆ ಹೊರಟ ಮೇಷ್ಟ್ರು ಮಳವಳ್ಳಿಯಲ್ಲಿ ಬಸ್ಸು ಬದಲಿಸಿದರು. ಬೆಳಕವಾಡಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದರಷ್ಟೆ, ಅಕ್ಕಿ ಗಿರಣಿಯ ಹಿಂದಿನ ಬಾವಿಕಟ್ಟೆಯ ಬಳಿ ಒಬ್ಬ ಬಸುರಿ ಬೆನ್ನು ತೋರಿಸಿಕೊಂಡು ನಿಂತಿದ್ದಳು. ಎಡಗಾಲಿಗೆ ಭಾರ. ಬೆನ್ನ ಹಿಂದೆ ಬಲಗೈ. ಅಭ್ಯಾಸಬಲದಿಂದ ಮೇಷ್ಟ್ರು ಕೈ ನೀಡಿ ಹೆಬ್ಬೆರಳಲ್ಲಿ ಅಳೆದರು. ಏಳೇ ತಲೆ! ಅವಳು ತಿರುಗಿದಾಗ ಮುಖವೂ ಸರಿಹೋಯಿತು.

ನಾಲೆ ನುಂಗಿದವಳನ್ನು ಯಾವ ಪುಣ್ಯಾತ್ಮ ಎತ್ತಿ ಉಳಿಸಿದನೋ! ಮಾತಾಡಿಸಲು ಬಾಯಿ ತೆರೆದವರು ತಡೆದುಕೊಂಡರು. ಈ ಸುದ್ದಿ ಮೊದಲು ಮುಟ್ಟಬೇಕಾದ್ದು ಹೆತ್ತವರಿಗೆ. ಅವಳು ಕೊಡ ಹೊತ್ತು ಹೋಗಿ ಸೇರಿದ ಮನೆಯನ್ನು ನೋಡಿಕೊಂಡು, ತಂಗಿಯ ಮನೆಗೂ ಹೋಗದೆ, ಬಂದ ದಾರಿಯಲ್ಲೇ ಹಿಂದಿರುಗಿದರು. ಸಂಜೆಯ ಹೊತ್ತಿಗೆ ಕೊತ್ತತ್ತಿಯಲ್ಲಿದ್ದರು.

“ಮುದ್ದಯ್ಯ, ನಿನ್ನ ಮಗಳು ಬದುಕಿದ್ದಾಳೆ! ನಿನ್ನ ಚಿತ್ರದಿಂದಲೇ ಸಿಕ್ಕಳು ಕಣಯ್ಯಾ! ಬೆಳಕವಾಡಿಯಲ್ಲಿ!”

ಜಗಲಿಯ ಮೇಲೆ ಕೂತಿದ್ದ ಮುದ್ದಯ್ಯ ಮೆಲ್ಲಗೆ ಎದ್ದು ಕೈಮುಗಿದ. ಅವನ ಹೆಂಡತಿ ಪುಟ್ಟಮಾದಮ್ಮ ಒಳಗಿನಿಂದ ಓಡಿಬಂದು ಮೇಷ್ಟ್ರ ಕಾಲು ಹಿಡಿದಳು. ಇಲ್ಲ, ಇಲ್ಲ ಎನ್ನುವಂತೆ ಒಂದೇ ಸಮನೆ ತಲೆಯಾಡಿಸಿದಳು. ಪಾಪ, ನಂಬಿಕೆಯೇ ಬರುತ್ತಿಲ್ಲ ಇವಳಿಗೆ ಎಂದುಕೊಂಡರು ಮೇಷ್ಟ್ರು.

“ನಿಜ ಕಣಮ್ಮ, ನನ್ನ ಕಣ್ಣಾರೆ ಕಂಡೆ. ಅಕ್ಕಿ ಗಿರಣಿ ಹಿಂದಿನ ಸಾಲು, ಮೂರನೇ ಮನೆ, ನೀಲಿ ಬಾಗಿಲು.”

ಮುದ್ದಯ್ಯ ಮೆಟ್ಟು ಮೆಟ್ಟಿಕೊಂಡ. ಎದುರುಮನೆಯಿಂದ ಅವನ ತಮ್ಮಂದಿರಿಬ್ಬರು ಬಂದು ಜೊತೆಗೂಡಿದರು. ಆನಂದದಲ್ಲಿ ಮೇಷ್ಟ್ರಿಗೆ ಒಂದು ಅಳುಕು ಹುಟ್ಟಿತು. “ಬದುಕಿರೋಳಿಗೆ ತಿಥಿ ಮಾಡಿಬಿಟ್ಟಿದ್ದೀಯಲ್ಲಪ್ಪ. ಕರಕೊಂಡು ಬಂದಮೇಲೆ ಮರೀದೆ ಒಂದು ಶಾಂತಿ ಮಾಡಿಸು.”

“ಜಾತಿ ಕೆಡಿಸ್ಕೊಂಡು ಓಡೋದೋಳಿಗೆ ತಿಥಿ ಮೊದ್ಲೇ ಮಾಡ್ಬುಡ್ತೀವಿ ಮೇಷ್ಟ್ರೆ,” ಎಂದ ಮುದ್ದಯ್ಯ, “ಸಾಯೋದೊಂದು ಬಾಕಿ ಇತ್ತು.”