ಗುಂಡಿಯ ಅಳತೆ

“ತಗೋ ಗಂಗಣ್ಣ, ನೀನ್ ಕೇಳಿದ್ ಕಡ್ಡಿ,” ಎನ್ನುತ್ತ ಕರಿ ಕನ್ನಡಕದ ಗಿರಾಕಿ ಪಿಕಪ್ಪಿನಿಂದ ಇಳಿದು, ತೆಂಗಿನ ಗರಿಯ ದಿಂಡಿನ ತುಂಡೊಂದನ್ನು ಗಂಗರಾಜುವಿನ ಕೈಗಿಟ್ಟ.

ತುಮಕೂರಿನ ಉಪ್ಪಾರಹಳ್ಳಿಯ ಆ ಗ್ಯಾರೇಜಿನಲ್ಲಿ ಪದ್ಧತಿಯೇ ಹಾಗೆ. ಗಾಡಿ ಎತ್ತರಿಸಿಕೊಡಿ ಎಂದು ಯಾರೇ ಬರಲಿ, ಎಷ್ಟು ಎತ್ತರ ಬೇಕೆಂದು ಗಂಗರಾಜು ಬಾಯಿಮಾತಿನಲ್ಲಿ ಕೇಳುತ್ತಿರಲಿಲ್ಲ. ಶೋಕಿಗೆ ಬಿದ್ದವರು ಬಾಯಿಗೆ ಬಂದಷ್ಟು ಹೇಳುತ್ತಾರೆ, ಆಮೇಲೆ ಯಾವುದೋ ತಿರುವಿನಲ್ಲಿ ಮಗುಚಿಕೊಂಡು ಮೆಕ್ಯಾನಿಕ್ಕನ್ನು ಬೈಯುತ್ತಾರೆ. ನೀವು ದಿನಾ ಓಡಾಡುವ ರಸ್ತೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಗುಂಡಿಗೆ ಒಂದು ಕಡ್ಡಿ ಇಳಿಬಿಟ್ಟು, ಅದರ ಆಳಕ್ಕೆ ಸರಿಯಾಗಿ ಮುರಿದು ತನ್ನಿ ಎನ್ನುತ್ತಿದ್ದ. ಹೋದ ವಾರ ವಿಚಾರಿಸಿಕೊಂಡು ಹೋಗಿದ್ದ ಈ ಗಿರಾಕಿ ಅದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದ.

ಗಂಗರಾಜು ಕಡ್ಡಿಗೆ ಟೇಪು ಹಿಡಿದ. “ಆರಿಂಚು! ಏನ್ ಸಾರ್ ಇದು, ಗುಂಡೀನೋ ಬಾವೀನೋ?”

“ಮಳೆ ಬಿದ್ಮೇಲೆ ಅಲ್ಲಿ ರೋಡೇ ಇಲ್ಲ ಕಣಣ್ಣ. ತೋಟದಿಂದ ಕಾಯಿ ತುಂಬ್ಕೊಂಡ್ ಹೊರಟ್ರೆ ಗಾಡಿ ಹೊಟ್ಟೆ ನೆಲ ಕೆರ್ಕೊಂಡೇ ಬರುತ್ತೆ. ಒಳ್ಳೇ ಸಾಮಾನ್ ಹಾಕು, ನನ್ ಸೊಂಟ ಉಳುಸ್ಕೊಡು.”

ಎರಡು ತಿಂಗಳಿಂದ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಗಂಗರಾಜು ಹುರುಪಿನಿಂದ ಜಾಕ್ ಕೊಟ್ಟು ಪಿಕಪ್ಪಿನ ಹಿಂಭಾಗ ಎತ್ತಿದ. “ನೋಡಿ ಸಾರ್, ಸ್ಪ್ರಿಂಗ್ ಕಮಾನ್‌ಗೆ ಒಂದ್ ಪ್ಲೇಟ್ ಜಾಸ್ತಿ ಹಾಕಿದ್ರೆ ಎರಡಿಂಚು ಬರುತ್ತೆ. ಆಕ್ಸೆಲ್ ಮೇಲೆ ಕಬ್ಬಿಣದ ಬ್ಲಾಕ್ ಕೂರ್ಸಿದ್ರೆ ಮೂರು. ಟೈರ್ ಒಂದ್ ಸೈಜ್ ದೊಡ್ಡದಾದ್ರೆ ಇನ್ನೊಂದು. ಅದ್ಕಿಂತ ದೊಡ್ಡ ಟೈರ್ ಬೇಡ, ಮಡ್‌ಗಾರ್ಡಿಗೆ ಉಜ್ಜುತ್ತೆ.”

“ಬಟನ್ ಟೈರೇ ಹಾಕು. ಕೆಸರಲ್ಲೂ ಕಚ್ಕೊಂಡ್ ಹೋಗ್ಬೇಕು.”

“ಆಯ್ತು. ವನಜಾ, ಸಾರ್ ಹೆಸ್ರು ಬರ್ಕೊ.”

ವನಜಾಕ್ಷಿ, ಗಂಗರಾಜುವಿನ ಹೆಂಡತಿ, ಬೆಳ್ಳಾವಿಯ ಆಚೆಗಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ಮೂರು ವಾರದ ಹಿಂದೆ ಮೊಪೆಡ್ಡು ಗುಂಡಿಗೆ ಇಳಿದು ಅವಳ ಬಲಗೈ ಮುರಿದಿತ್ತು. ಮನೆಯಲ್ಲಿ ಕೂತು ಬೇಸರವಾಗಿ ಗ್ಯಾರೇಜಿಗೆ ಬಂದು ಕೂರುತ್ತಿದ್ದಳು. ಪ್ಲಾಸ್ಟರು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಪೆನ್ನು ಹಿಡಿದಳು.

“ಕಾಂತೇಶ್ ಅಂತ ಬರ್ಕೊಳ್ಳಿ ಅಕ್ಕ. ಎಸ್. ಕಾಂತೇಶ್, ಕ್ಲಾಸ್ ಒನ್ ಕಂಟ್ರಾಕ್ಟರ್.”

ಪೆನ್ನು ನಿಂತಿತು. “ಕೆರೆ ಕೋಡಿ ರೋಡ್ ಮಾಡ್ಸಿದ್ದು ನೀವೇನಾ?”

“ಹೂಂ ಅಕ್ಕ, ನಮ್ದೇ ಕೆಲ್ಸ,” ಕಾಂತೇಶ ಹಿಗ್ಗಿದ. “ಯಾರ್ ಹೇಳಿದ್ರು?”

“ರೋಡ್ ಪಕ್ಕ ಬೋರ್ಡ್ ನಿಲ್ಸಿದೀರಲ್ಲ, ಅದ್ರ್ ಕೆಳಗೇ ನಾನ್ ಬಿದ್ದಿದ್ದು. ಎಬ್ಬಿಸೋರು ಬರೋವರ್ಗೂ ಒಂದ್ ಗಂಟೆ ಅದನ್ನೇ ಓದಿದೀನಿ, ಬಾಯಿಪಾಠ ಆಗೋಗಿದೆ. ‘ಕಾಮಗಾರಿ ಮುಗಿದ ದಿನಾಂಕ: ಮಾರ್ಚ್ 2004. ಜಲ್ಲಿಯ ದಪ್ಪ: ಒಂಬತ್ತು ಇಂಚು. ಗುತ್ತಿಗೆದಾರರು: ಎಸ್. ಕಾಂತೇಶ್.’ ಗುಂಡಿ ಅಂಚು ಕಣ್ಮುಂದೇನೇ ಇತ್ತು. ಬೆರಳಿಟ್ಟು ನೋಡ್ದೆ. ಮೂರಿಂಚು ಜಲ್ಲಿ, ಅದ್ರ ಕೆಳಗೆ ಬರೀ ಮಣ್ಣು.”

ಮಾರ್ಚಿನಲ್ಲಿ ಮುಗಿದ ರಸ್ತೆ, ಈಗಿನ್ನೂ ಅದೇ ವರ್ಷದ ಆಗಸ್ಟು. ಕಾಂತೇಶ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ ಎಂದುಕೊಂಡರೆ ಅವನು ನಕ್ಕ. “ಮಳೆಗಾಲ ಅಕ್ಕ, ಯಾವ್ ರೋಡ್ ನಿಲ್ಲುತ್ತೆ ಹೇಳಿ. ನಮ್ ತೋಟದ್ ಮನೆಗೂ ಅದೇ ರೋಡು, ಆ ಕಡ್ಡೀನೂ ಅದೇ ಗುಂಡೀದು. ನಾವೇ ಸ್ವಲ್ಪ ನೋಡ್ಕೊಂಡ್ ಓಡಿಸ್ಬೇಕು.”

ನೋಡಿಕೊಂಡು ಓಡಿಸಬೇಕಂತೆ! ರಸ್ತೆಯನ್ನೇ ನುಂಗಿ ನೀರು ಕುಡಿದವನು ಸೊಂಟ ನೋಯಬಾರದೆಂದು ಗಾಡಿ ಎತ್ತರಿಸಿಕೊಳ್ಳುತ್ತಾನೆ. ಮಕ್ಕಳ ಉಪ್ಪಿಟ್ಟಿಗೆ ರವೆ ಹೇರಿಕೊಂಡು ಹೋಗುವವಳು ನೋಡಿಕೊಂಡು ಓಡಿಸಬೇಕು. ಆ ಗುಂಡಿಗೆ ಕಡ್ಡಿ ಇಳಿಬಿಟ್ಟು ಆಳ ನೋಡುವಾಗಲೂ ಈ ಮನುಷ್ಯನಿಗೆ ಒಂದು ಬಾಂಡ್ಲಿ ಜಲ್ಲಿ ಸುರಿಸೋಣ ಎನ್ನಿಸಲಿಲ್ಲ.

ವನಜಾಕ್ಷಿ ಗಂಡನನ್ನೇ ನೋಡಿದಳು. “ಏನಂತ ಬರ್ಕೊಳ್ಳಲಿ ರೀ? ಕೆಲ್ಸ ಹಿಡಿತೀರಾ?”

ಗಂಗರಾಜು ಜಾಕ್ ಮೇಲೆ ನಿಂತಿದ್ದ ಗಾಡಿಯನ್ನು ನೋಡಿದ, ಹೆಂಡತಿಯ ಕೈ ನೋಡಿದ. ಕುಕ್ಕರುಗಾಲಲ್ಲಿ ಕೂತಿದ್ದವನು ಕಡ್ಡಿ ಎತ್ತಿಕೊಂಡು ಎದ್ದ.

“ಬೋರ್ಡಲ್ಲಿ ಒಂಬತ್ತು, ರೋಡಲ್ಲಿ ಮೂರು. ನಿಮ್ಗೆ ಬೇಕಾಗಿರೋ ಆರಿಂಚು ನಿಮ್ಮನೇಲೇ ಐತಲ್ಲ ಸಾರ್. ಅದನ್ನೇ ಗಾಡಿ ಕೆಳಗೆ ಹಾಕ್ಕೊಳ್ಳಿ. ನನ್ ಪ್ಲೇಟು, ಬ್ಲಾಕು ಯಾಕೆ?”

“ಏನ್ಲಾ ಅಂದೆ?” ಅಣ್ಣ ಎನ್ನುತ್ತಿದ್ದ ಬಾಯಿ ಒಂದೇ ಏಟಿಗೆ ತಿರುಗಿತು. “ತುಮಕೂರಲ್ಲಿ ನಿಂದೊಂದೇನಾ ಗ್ಯಾರೇಜಿರೋದು?”

“ಬೇಕಾದಷ್ಟವೆ ಸಾರ್. ನಾಳೆ ಯಾವ್ದಾದ್ರೂ ನೋಡ್ಕೊಳ್ಳಿ. ಇವತ್ತು ಭಾನ್ವಾರ, ನನ್ನ ಬುಟ್ರೆ ಯಾರೂ ಬಾಗಿಲು ತೆಗ್ದಿಲ್ಲ.”

ಕಡ್ಡಿಯನ್ನು ಕಾಂತೇಶನ ಕೈಗೆ ವಾಪಸು ಕೊಟ್ಟು ಗಂಗರಾಜು ಜಾಕ್ ಸಡಿಲಿಸಿದ. ಪಿಕಪ್ಪು ನಿಧಾನವಾಗಿ ಇಳಿದು ಮೊದಲಿದ್ದ ಎತ್ತರಕ್ಕೇ ಬಂದು ನಿಂತಿತು. ಬೆಳ್ಳಾವಿ ಕಡೆ ಮೋಡ ಕಪ್ಪಗೆ ಕಟ್ಟಿತ್ತು. ಮನೆ ಸೇರಲು ಕಾಂತೇಶನಿಗೂ ಇದ್ದದ್ದು ಅದೊಂದೇ ರಸ್ತೆ.