ಕೇಳುಗರ ಅಭಿಪ್ರಾಯ

ಹೆಣ ಬಾವಿಯಿಂದ ಮೇಲೆ ಬರುತ್ತಿರುವಾಗಲೇ ನಂದಿತಾ ಒಳಗೆ ಬಂದಳು. ಸೋಸಲೆಯ ಆ ಮನೆಯ ನಡುಮನೆಯಲ್ಲಿ ರಂಗನಾಯಕಿ ಕಣ್ಣು ಮುಚ್ಚಿ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಪತ್ತೇದಾರಿ ಕಾದಂಬರಿ ಕೇಳುತ್ತಿದ್ದರು. ನಿಲ್ಲಿಸಲಿಲ್ಲ, ಕೂರು ಎಂದು ಕೈಸನ್ನೆ ಮಾಡಿದರು. ಸಾವು ಬಂದ ಕಡೆ ಓದು ನಿಲ್ಲಿಸಬಾರದು, ಮುಂದೆ ನಾಲ್ಕು ಒಳ್ಳೆಯ ಸಾಲು ಬಂದ ಮೇಲೆಯೇ ಪುಸ್ತಕ ಮಡಿಸಬೇಕು. ಮನೆಯಲ್ಲಿ ಕಾವ್ಯ ಓದುತ್ತಿದ್ದ ತಂದೆಯಿಂದ ಬಂದ ಈ ನೇಮವನ್ನು ಅವರು ಕೊಲೆಯ ಕಥೆಗೂ ಬಿಟ್ಟಿರಲಿಲ್ಲ.

ನಂದಿತಾ ಕೂರಲಿಲ್ಲ. ಹೊಸಿಲ ಹತ್ತಿರವೇ ನಿಂತುಬಿಟ್ಟಳು.

“ಯಾಕೇ ಹಾಗೆ ನಿಂತೆ? ನಿನ್ನ ದನಿ ನಿನಗೇ ಹೊಸದಾ?” ರಂಗನಾಯಕಿ ನಕ್ಕರು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಇವಳಿಗೆ ಕನ್ನಡ ಹೇಳಿಕೊಟ್ಟು, ಶಾಲೆ ಮುಗಿದ ಮೇಲೂ ಭಾನುವಾರಗಳಂದು ಕಾವ್ಯವಾಚನ ಕಲಿಸಿದವರು ಅವರೇ. ಕಣ್ಣಿಗೆ ಅಕ್ಷರ ಹಿಡಿಯದಂತಾದಾಗ, ನಂಜನಗೂಡಿನ ಸ್ಟುಡಿಯೋ ಒಂದರಲ್ಲಿ ಆಡಿಯೋ ಪುಸ್ತಕ ಓದುವ ಕೆಲಸದಲ್ಲಿದ್ದ ಶಿಷ್ಯೆಯೇ ಆ ಆ್ಯಪನ್ನು ಮಿಸ್ ಮೊಬೈಲಿಗೆ ಹಾಕಿಕೊಟ್ಟಿದ್ದಳು.

“ಎಲ್ಲಾ ತರಹದ್ದೂ ಕೇಳ್ಬಿಟ್ಟೆ ಕಣೇ. ಅಡುಗೆ ಪುಸ್ತಕದವನು ಸಾಸಿವೆ ಸಿಡಿಯೋಕೂ ಬಿಡಲ್ಲ, ಆಗಲೇ ಕರಿಬೇವು ಅಂತಾನೆ. ಇತಿಹಾಸದವನು ಇಸವಿಗಳನ್ನ ಬಸ್‌ಸ್ಟ್ಯಾಂಡಲ್ಲಿ ಊರ ಹೆಸರು ಕೂಗಿದ ಹಾಗೆ ಕೂಗ್ತಾನೆ. ದೇವರ ಕಥೆ ಓದೋ ಮಹಾರಾಯ್ತಿ ಅಳೋದೇ ಭಕ್ತಿ ಅಂದ್ಕೊಂಡಿದಾಳೆ. ಈ ಕೊಲೆ ಗಿಲೆ ನನಗೆ ಸೇರಲ್ಲ, ನೀನು ಓದಿದೀಯಾ ಅಂತ ಕೇಳ್ತಿರೋದು. ಆದರೆ ನಿನ್ನ ಓದಿನಲ್ಲೆಲ್ಲಾ ಇದೇ ಮೇಲು. ಒಂದು ಕಡೇನೂ ಉಸಿರು ಕೇಳಿಸಲಿಲ್ಲ. ಎಂಟನೇ ಕ್ಲಾಸಿಂದ ಬಡ್ಕೊಂಡಿದ್ದು ಈಗ ಬಂತು ನೋಡು.”

“ಮಿಸ್, ಇದು ಯಾವ ಪುಸ್ತಕ?”

“ಓದಿದೋಳು ನೀನು, ನನ್ನ ಕೇಳ್ತೀಯಲ್ಲೇ.”

“ನಾನು ಇದನ್ನ ಓದಿಲ್ಲ ಮಿಸ್. ಉಗಾದಿಯಿಂದ ಈಚೆಗೆ ಸ್ಟುಡಿಯೋ ಒಳಕ್ಕೆ ಕಾಲೇ ಇಟ್ಟಿಲ್ಲ. ಅವ್ರು ಕರೀತಾನೇ ಇಲ್ಲ.”

ಮೊಬೈಲಿನಲ್ಲಿ ನಂದಿತಾಳ ದನಿ ಸತ್ತವಳ ತಾಯಿಯಾಗಿ ಗೋಳಾಡುತ್ತಿತ್ತು. ಅಕ್ಷರ ಹಿಡಿಯದ ಕಣ್ಣಿಗೂ ಬಾಗಿಲಲ್ಲಿ ನಿಂತವಳ ಮುಚ್ಚಿದ ಬಾಯಿ ಕಾಣುತ್ತಿತ್ತು. ಗೋಳು ಹದಿನೈದು ಸಾಲು ದಾಟಿತು, ಇಪ್ಪತ್ತು ದಾಟಿತು. ಎಷ್ಟೇ ಪಳಗಿದವರು ಓದಲಿ, ಇಷ್ಟರಲ್ಲಿ ಎರಡು ಮೂರು ಕಡೆ ಗುಟ್ಟಾಗಿ ಉಸಿರು ತೆಗೆದುಕೊಳ್ಳಲೇಬೇಕು. ಸದ್ದಾಗದಿದ್ದರೂ ಅದರ ಮುಂದಿನ ಪದ ತುಸು ಹೊಸದಾಗಿ ಏಳುತ್ತದೆ. ಇಲ್ಲಿ ಯಾವ ಪದವೂ ಏಳಲಿಲ್ಲ. ರಂಗನಾಯಕಿಗೆ ತಮ್ಮ ಎದೆ ಬಿಗಿದದ್ದು ಆಗ ತಿಳಿಯಿತು. ಕೇಳುತ್ತಾ ಕೇಳುತ್ತಾ ಅವರೂ ಉಸಿರು ಹಿಡಿದಿದ್ದರು. ಕೈ ತಾನಾಗಿ ಹೋಗಿ ಮೊಬೈಲನ್ನು ಒತ್ತಿತು. ಕಥೆಯಲ್ಲಿ ಹೆಣ ಇನ್ನೂ ಬಾವಿಕಟ್ಟೆಯ ಮೇಲೇ ಇತ್ತು. ಬುದ್ಧಿ ಬಂದಾಗಿನಿಂದ ಮೊದಲ ಸಲ ಅವರು ಸಾವಿನ ನಡುವೆ ಓದು ನಿಲ್ಲಿಸಿದ್ದರು.

“ಮಿಷಿನ್ನು ಮಿಸ್ ಅದು, ನನ್ನ ದನೀಲಿ ಓದ್ತಾ ಐತೆ,” ನಂದಿತಾ ಗೋಡೆ ಹಿಡಿದು ಕೂತಳು. “ಹೋದ್ವರ್ಷ ಮೂರು ದಿನ ಕೂರ್ಸಿ ಬಿಡಿಬಿಡಿ ಸಾಲು ಓದಿಸಿದ್ರು. ‘ಬಸ್ಸು ಎಷ್ಟು ಗಂಟೆಗೆ’, ‘ಅಯ್ಯೋ ನನ್ನ ಮಗಳೇ’, ಹಿಂಗೇ ಸಾವಿರ ಸಾಲು. ಯಾಕೆ ಅಂದ್ರೆ ದನಿ ಟೆಸ್ಟು ಅಂದ್ರು. ಒಂದು ಕಾಗ್ದಕ್ಕೆ ಸೈನೂ ಹಾಕಿಸ್ಕೊಂಡ್ರು. ಇದಕ್ಕೆ ಅಂತ ನಂಗೇನು ಗೊತ್ತು.”

ಅವಳು ಬಂದದ್ದು ಬೇರೆ ಮಾತಿಗೆ. ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೋಮವಾರದಿಂದ ಬಾ ಎಂದಿದ್ದರು. ಓದುವ ಕೆಲಸದ ಆಸೆಯನ್ನು ಪೂರ್ತಿ ಬಿಡುವ ಮೊದಲು ಮಿಸ್ ಬಾಯಿಂದ ಒಂದು ಮಾತು ಕೇಳಬೇಕಿತ್ತು.

“ನನ್ನ ಓದು ಅಷ್ಟು ಕೆಟ್ಟದಾಗೈತಾ ಮಿಸ್? ಯಾಕೆ ಕರೀತಿಲ್ಲ ಅಂತ ಅವ್ರಿಗೆ ಮೆಸೇಜ್ ಹಾಕಿದ್ದೆ. ಕೇಳೋರು ಒಪ್ತಿಲ್ಲ ನೋಡಮ್ಮ ಅಂತ ಇದನ್ನ ಕಳ್ಸಿದ್ರು.” ಅವಳು ತನ್ನ ಮೊಬೈಲು ತೆಗೆದು ಓದಿದಳು: “‘ಕಂಠ ಚೆನ್ನಾಗಿದೆ. ಆದರೆ ಪ್ರೇಮಕಥೆ ಇರಲಿ, ಪ್ರವಾಸಕಥೆ ಇರಲಿ, ಸಾಲು ಸಾಲಿಗೂ ಉಸಿರು ಕೇಳಿಸುತ್ತದೆ. ಓದುವವರ ಉಸಿರು ಕೇಳುವವರ ಕಿವಿಗೆ ಬೀಳಬಾರದು. ತಿದ್ದಬೇಕು.’ ಹೆಸ್ರು ಹಾಕಿಲ್ಲ. ಯಾರೋ ತಿಳ್ದೋರೇ ಬರ್ದವ್ರೆ.”

ರಂಗನಾಯಕಿ ಮೊಬೈಲನ್ನು ತೊಡೆಯಿಂದ ಇಳಿಸಿ ನೆಲದ ಮೇಲಿಟ್ಟರು. ಒಂದು ಮಧ್ಯಾಹ್ನ ಊಟವಾದ ಮೇಲೆ ಆ್ಯಪಿನ ಅಭಿಪ್ರಾಯದ ಜಾಗ ಒತ್ತಿ, ಒಂದೊಂದೇ ಪದ ಬಿಡಿಸಿ ಹೇಳಿ, ಮೊಬೈಲೇ ಅದನ್ನು ಟೈಪು ಮಾಡಿಕೊಳ್ಳುವಂತೆ ಮಾಡಿದ್ದರು. ಕ್ಲಾಸಿನಲ್ಲೂ ಹಾಗೆಯೇ. ಅವರ ಕೆಂಪು ಮಸಿ ಹೆಚ್ಚು ಬೀಳುತ್ತಿದ್ದದ್ದು ಅವರಿಗೆ ಬಹಳ ಬೇಕಾದ ಮಕ್ಕಳ ಪೇಪರಿಗೆ.

“ಅದು ನಾನು ಕಣೇ,” ಎಂದರು. “ನಿನಗೆ ತಲುಪುತ್ತೆ ಅಂದ್ಕೊಂಡೆ. ನೀನು ತಿದ್ಕೊಳ್ಳಲಿ ಅಂತ.”

ಹೊರಗೆ ನರಸೀಪುರದ ಬಸ್ಸು ಹಾರನ್ ಮಾಡಿತು. ನಂದಿತಾ ಎದ್ದು ಬಾಗಿಲಿಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ ಅಂದಳು:

“ಹನ್ನೆರಡು ವರ್ಷ ಹೇಳಿದ್ರಿ ಮಿಸ್, ನಂಗೆ ಬರ್ಲಿಲ್ಲ. ಆ ಮಿಷಿನ್ನಿಗೆ ಒಂದೇ ಸಲ ಹೇಳಿದ್ರಿ. ಕಲ್ತ್‌ಬುಡ್ತು.”