ಆಯುಧಕ್ಕಿಟ್ಟ ಕುಂಕುಮ

ಬೈರಣ್ಣ ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದು, ನಳಿಗೆಯೊಳಗೆ ಒಂದು ಕಣ್ಣಿಟ್ಟ. ಒಳಗೆಲ್ಲ ಥಳಥಳ. ಇಂಗ್ಲೆಂಡಿನ ಮಾಲು, ವಯಸ್ಸಿನಲ್ಲಿ ಅವನಿಗಿಂತ ಹಿರಿಯದು, ಆದರೂ ತುಕ್ಕಿನ ಒಂದು ಚುಕ್ಕೆ ಇಲ್ಲ, ಗುಂಡು ಹಾರಿದ ಗುರುತೂ ಇಲ್ಲ. ಹಿಡಿಯ ಮರ ಮಾತ್ರ ಹಿಡಿದೂ ಹಿಡಿದೂ ಸವೆದಿತ್ತು. ಗೊಟ್ಟಿಗೆರೆಯಲ್ಲಿ ಹೊಲವಿದ್ದ ಕಾಲದಲ್ಲಿ ಎತ್ತು ಕೊಂಡು ಪಳಗಿದವನು ಅವನು. ಕೊಳ್ಳುವವನು ಮಾಲನ್ನು ಹೊಗಳಿದರೆ ಕೆಟ್ಟ ಅನ್ನುವುದು ಗೊತ್ತಿತ್ತು. ಮುಖ ಗಂಟಿಕ್ಕಿಕೊಂಡೇ, "ತುಂಬಾ ಹಳೇದಾಯ್ತಲ್ಲಮ್ಮಾ" ಅಂದ.

"ಹಳೇದೇ ಬೈರಣ್ಣ, ನನ್ನ ಹಾಗೆ" ಎಂದರು ನೀಲಗಂಗಮ್ಮ.

ತ್ಯಾಗರಾಜನಗರದ ಆ ಮನೆಯ ಯಜಮಾನರು, ಆಕೆಯ ಗಂಡ, ತೀರಿಕೊಂಡ ಮೇಲೆ ರಿವಾಲ್ವರ್ ಆಕೆಯ ಹೆಸರಿಗೆ ಬಂದಿತ್ತು. ಮಾರಲು ಪೊಲೀಸರ ಒಪ್ಪಿಗೆಯೂ ಸಿಕ್ಕಿತ್ತು. ಬೈರಣ್ಣನ ಹೊಸ ಲೈಸೆನ್ಸೂ ಜೇಬಿನಲ್ಲೇ ಇತ್ತು. ಅರ್ಜಿ ಹಾಕುವಾಗ ಕಾರಣ ಕೇಳಿದ್ದಕ್ಕೆ 'ಆತ್ಮರಕ್ಷಣೆ' ಅಂದಿದ್ದ. ಯಾರಿಂದ ಅಂತ ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಡಹುಟ್ಟಿದ ತಮ್ಮ ಕೆಂಪರಾಜುವಿನ ಹೆಸರು ಹೇಳಬೇಕಾಗುತ್ತಿತ್ತು. ಇಬ್ಬರ ಮನೆಗಳ ನಡುವೆ ಒಂದು ಗಾಡಿದಾರಿ. ಸುತ್ತಲ ಹೊಲವೆಲ್ಲ ಸೈಟಾದ ಮೇಲೆ ಆ ದಾರಿಗೂ ಬಂಗಾರದ ಬೆಲೆ ಬಂದು, ಮಾತು ಬೆಳೆದು, ಆರು ತಿಂಗಳ ಹಿಂದೆ ಕೆಂಪರಾಜು ಅಲ್ಲಿ ಕಲ್ಲು ನೆಡಲು ಬಂದವನು ಮಚ್ಚು ತೋರಿಸಿ ಹೋಗಿದ್ದ. ಆ ಮಚ್ಚಿಗೆ ಕೊಡಬೇಕಾದ ಉತ್ತರವನ್ನೇ ಬೈರಣ್ಣ ಈಗ ಅಂಗೈಯಲ್ಲಿ ತೂಗಿ ನೋಡುತ್ತಿದ್ದ.

ಗುಂಡಿಲ್ಲ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಸಿಲಿಂಡರ್ ತಿರುಗಿಸಿದ. ನಯವಾಗಿ ತಿರುಗಿತು. ಗೋಡೆಯ ಕಡೆ ಹಿಡಿದು ಟ್ರಿಗರ್ ಒತ್ತಿದ. 'ಟಕ್' ಅನ್ನಬೇಕಾದದ್ದು 'ತಪ್' ಅಂತು. ಮತ್ತೆ ಒತ್ತಿದ. ಮತ್ತೆ ಅದೇ, ನಾದಿದ ಹಿಟ್ಟಿಗೆ ಏಟು ಬಿದ್ದ ಹಾಗೆ.

"ಏನೋ ಕಚ್ಕೊಂಡಿದೆ. ಒಂದು ಪಿನ್ನಿದ್ರೆ ಕೊಡಿ ಅಮ್ಮಾ."

ನೀಲಗಂಗಮ್ಮ ಸೆರಗಿಗೆ ಚುಚ್ಚಿದ್ದ ಪಿನ್ನನ್ನೇ ತೆಗೆದರು. ಕೊಡುವಾಗ ಕೈ ಕೊಂಚ ತಡೆಯಿತು.

ಟ್ರಿಗರ್ ಒತ್ತಿದಾಗ ಹಿಂದಿನ ಮೊಳೆ ನುಗ್ಗಿ ಗುಂಡಿಗೆ ಬಡಿಯುವ ಸಣ್ಣ ತೂತು ಒಂದಿರುತ್ತದಲ್ಲ, ಅದರೊಳಗೆ ಬೈರಣ್ಣ ಪಿನ್ನು ಹಾಕಿ ಮೀಟಿದ. ಕೆಂಪನೆಯ ಚೂರೊಂದು ಕಳಚಿ ಬಂತು. ತುಕ್ಕೆಂದುಕೊಂಡು ಬೆರಳಲ್ಲಿ ತಿಕ್ಕಿದರೆ ಮೆತ್ತಗಾಯಿತು. ಮೂಸಿ ನೋಡಿದ. ಮೇಣ! ಕುಂಕುಮ ಬೆರೆತ ಮೇಣ. ಅವನ ಅವ್ವ ದಿನಾ ಬೆಳಗ್ಗೆ ಹಣೆಗೆ ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು, ಹೊಲದ ಬೆವರಿಗೆ ಇಳಿದುಹೋಗದಿರಲಿ ಅಂತ. ಅವಳ ಒಂದು ಮಗ್ಗುಲಲ್ಲಿ ಇವನು, ಇನ್ನೊಂದು ಮಗ್ಗುಲಲ್ಲಿ ಕೆಂಪ ಮಲಗುತ್ತಿದ್ದಾಗಿನ ವಾಸನೆ ಅದು. ಈ ಹೊತ್ತಿನಲ್ಲಿ ಬೈರಣ್ಣನಿಗೆ ಆ ನೆನಪು ಬೇಕಿರಲಿಲ್ಲ. ಅವನಿಗೆ ಸಿಟ್ಟೇ ಬಂತು.

"ಏನಮ್ಮಾ ಇದು? ಯಾರು ತುಂಬಿದ್ದು?"

"ನಾನೇ. ವರ್ಷಾ ವರ್ಷ, ಆಯುಧಪೂಜೆ ದಿನ."

"ಪೂಜೆ ಮಾಡೋದು ಆಯುಧ ಚೆನ್ನಾಗಿ ಕೆಲಸ ಮಾಡ್ಲಿ ಅಂತ ಅಲ್ವಾ?"

"ನಾನು ಮಾಡಿದ್ದು ಮಾಡದೇ ಇರ್ಲಿ ಅಂತ."

ಬೈರಣ್ಣ ಪಿನ್ನು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದ.

"ನಮ್ಮ ಯಜಮಾನ್ರಿಗೂ ಅವರ ತಮ್ಮನಿಗೂ ಎಣ್ಣೆ ಸೀಗೇಕಾಯಿ" ಎಂದರು ನೀಲಗಂಗಮ್ಮ. "ಈ ಮನೆ ವಿಷಯಕ್ಕೇ. ಒಂದಿನ ಅಗೋ, ಆ ಬಾಗಿಲ ಹತ್ರ, ತಮ್ಮನ ಎದೆಗಿಟ್ಟು ಒತ್ತೇಬಿಟ್ರು. ತಪ್ ಅಂತು. ನೀವು ಈಗ ಕೇಳಿದ್ರಲ್ಲ, ಅದೇ ಸದ್ದು."

"ಆಮೇಲೆ?"

"ಆಮೇಲೇನು? ಇಬ್ರೂ ಗಡಗಡ ನಡುಗ್ತಾ ಕೂತ್ಕೊಂಡ್ರು. ನಾನು ಕಾಫಿ ಮಾಡ್ಕೊಟ್ಟೆ."

"ಯಜಮಾನ್ರಿಗೆ ಗೊತ್ತಾಗ್ಲಿಲ್ವಾ, ನಿಮ್ಮ ಕೆಲಸ ಅಂತ?"

"ಗೊತ್ತಾಗದೆ ಏನು! ಮುಂದಿನ ಆಯುಧಪೂಜೆಗೆ ಅವರೇ ಬಿಚ್ಚಿ ನನ್ನ ಕೈಗಿಟ್ಟು, 'ಕುಂಕುಮ ಸ್ವಲ್ಪ ಜಾಸ್ತಿನೇ ಇಡೇ' ಅಂದ್ರು. ಅವರು ಹೋದಾಗ ಎಲ್ಲರಿಗಿಂತ ಮೊದ್ಲು ಹೆಗಲು ಕೊಟ್ಟೋನು ಆ ಮೈದುನನೇ." ಆಕೆ ಪಿನ್ನಿನ ಕಡೆ ನೋಡುತ್ತ, "ಮಾರೋ ಮುಂಚೆ ತೆಗೀಬೇಕಿತ್ತು. ಕೈ ಬರ್ಲಿಲ್ಲ" ಅಂದರು.

ಬೈರಣ್ಣ ತೂತನ್ನು ನೋಡಿದ. ಇನ್ನೊಂದು ಸಲ ಮೀಟಿದರೆ ಪೂರ್ತಿ ಖಾಲಿಯಾಗುತ್ತಿತ್ತು. ಪಿನ್ನು ಕೈಯಲ್ಲೇ ಇತ್ತು. ತನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಾಳೆಯೋ ನಾಡಿದ್ದೋ ಕೆಂಪ ಮತ್ತೆ ಕಲ್ಲು ತಂದು ನಿಂತರೆ? ಇಷ್ಟು ದಿನ ಅವನು ತಮ್ಮನ ಮಚ್ಚಿಗೆ ಹೆದರಿದ್ದ. ಈಗ ಮೊದಲ ಸಲ ತನ್ನ ಕೈಗೇ ಹೆದರಿದ.

ಪಿನ್ನು ಮಡಚಿ ವಾಪಸು ಕೊಟ್ಟು, ಬೆರಳಿಗಂಟಿದ್ದ ಮೇಣವನ್ನು ಮತ್ತೆ ತೂತಿಗೇ ಒತ್ತಿ, ರಿವಾಲ್ವರನ್ನು ಮೇಜಿನ ಮೇಲಿಟ್ಟ.

"ತಗೋತೀನಮ್ಮಾ. ಹೆದರ್ಸೋಕೆ ಇಷ್ಟಿದ್ರೆ ಸಾಕು" ಅಂದ. ಆಮೇಲೆ ಏನೋ ನೆನಪಾಗಿ ತಲೆ ಕೆರೆದುಕೊಂಡ. "ಆದ್ರೆ ನಮ್ಮನೆಯೋಳು ಹಣೆಗಿಡೋದು ಸ್ಟಿಕ್ಕರು. ವರ್ಷಾ ವರ್ಷ ಈ ಮೇಣಕ್ಕೆ ನಾನೆಲ್ಲಿಗೆ ಹೋಗ್ಲಿ?"

ನೀಲಗಂಗಮ್ಮ ನಗಲಿಲ್ಲ. ಬರಿದಾದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದರು. ಯಜಮಾನರು ಹೋದಂದಿನಿಂದ ಮುಚ್ಚಳ ತೆಗೆಯದಿದ್ದ, ಕುಂಕುಮದ ಮೇಣವಿಡುವ ಪುಟ್ಟ ಹಿತ್ತಾಳೆ ಡಬ್ಬಿಯೊಂದನ್ನು ತಂದು ರಿವಾಲ್ವರಿನ ಪಕ್ಕಕ್ಕಿಟ್ಟರು.

"ಇದನ್ನೂ ತಗೊಂಡ್ಹೋಗಿ. ಇದನ್ನ ಬಿಟ್ಟು ಅದೊಂದನ್ನೇ ನಾನು ಮಾರೋಳಲ್ಲ."